ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸುವ ಮುನ್ನ

ಮೂಡಿಗೆರೆ ಸೀಮೆಯ ಒಂದು ಸಣ್ಣ ಊರು. ಜನವರಿಯ ಚಳಿ. ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದು ಬೆಳಿಗ್ಗೆ ಏಳರ ಹೊತ್ತಿಗೆ ನಾವು ನಾಲ್ವರು ಅಲ್ಲಿಗೆ ತಲುಪಿದೆವು. ಡಾಂಬರು ಮುಗಿದು ಮಣ್ಣುದಾರಿ ಶುರುವಾಗುವಲ್ಲಿ ಹುಲ್ಲು ಬೆಳೆದ ಒಂದು ತುಂಡು ಜಾಗ ಖಾಲಿಯಿತ್ತು. ಪಕ್ಕದಲ್ಲಿ ಕಾಫಿ ತೋಟದ ಬೇಲಿ, ಬೇಲಿಗೊಂದು ಉಣುಗೋಲು, ಅಂದರೆ ಅಡ್ಡಕೋಲುಗಳ ಬಾಗಿಲು. ಆ ಉಣುಗೋಲನ್ನು ನೋಡಿದ ನೆನಪು ನನಗೆ ಈಗಲೂ ಇದೆ. ಅದರಾಚೆಗೆ ಗಾಲಿಯ ಗುರುತುಗಳಿದ್ದವು. ಆದರೂ ಅದೊಂದು ದಾರಿ ಎಂದು ಹೊಳೆಯಲಿಲ್ಲ. ಕಾರನ್ನು ಅಲ್ಲೇ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಬೆಟ್ಟದ ಕಡೆ ಹೊರಟೆವು.

ಇಳಿದು ಬಂದಾಗ ಸಂಜೆ ಐದು ಗಂಟೆ. ಉಣುಗೋಲಿನ ಒಳಗಡೆ ಕಾಫಿ ಹಣ್ಣಿನ ಚೀಲ ತುಂಬಿಕೊಂಡ ಟ್ರ್ಯಾಕ್ಟರ್ ನಿಂತಿತ್ತು. ಅದು ನಿಂತು ಒಂದೂವರೆ ಗಂಟೆಯಾಗಿತ್ತು. ಇನ್ನು ಕಾಯಲಾಗದೆ ಕೂಲಿಯವರು ಚೀಲಗಳನ್ನು ತಲೆಯ ಮೇಲೆ ಹೊತ್ತು ಕಣದ ಕಡೆಗೆ ಸಾಗಿಸುತ್ತಿದ್ದರು. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕಬೇಕು. ರಾತ್ರಿ ಚೀಲದಲ್ಲೇ ಉಳಿದರೆ ಬಿಸಿಯಾಗಿ ಹುಳಿ ಹಿಡಿದು ಕಾಫಿಯ ರುಚಿ ಕೆಡುತ್ತದೆ. ದಿನವಿಡೀ ಬಗ್ಗಿ ಹಣ್ಣು ಕೊಯ್ದ ಹೆಂಗಸರು ಅದೇ ಹಣ್ಣನ್ನು ಮತ್ತೆ ಹೊರುತ್ತಿದ್ದುದಕ್ಕೆ ನನ್ನ ಕಾರು ಕಾರಣವಾಗಿತ್ತು.

ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ವಯಸ್ಸಾದವರು. ಅವರು ಬೈಯಲಿಲ್ಲ. "ಬೆಟ್ಟ ಚೆನ್ನಾಗಿತ್ತಾ ಸರ್? ಮೇಲೆ ಮಂಜಿತ್ತಾ?" ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, "ನೀವು ಬೇಕಂತ ಮಾಡಿಲ್ಲ ಬಿಡಿ. ಆದ್ರೆ ನಮಗಿರೋದು ಇದೊಂದೇ ದಾರಿ," ಎಂದರು.

ಅವತ್ತಿನ ಬೆಟ್ಟದ ನೆನಪು ಮಸುಕಾಗಿದೆ. ಆ ಮಾತು ಮಾಸಿಲ್ಲ. ಚಾರಣದ ಬಗ್ಗೆ ನಾವು ಎಷ್ಟೋ ಬರೆಯುತ್ತೇವೆ. ಬೂಟು, ಬ್ಯಾಗು, ಜಿಗಣೆಗೆ ಉಪ್ಪು, ಶಿಖರದ ಸೂರ್ಯೋದಯ ಎಲ್ಲವೂ ಅದರಲ್ಲಿ ಬರುತ್ತವೆ. ಬೆಟ್ಟದ ಬುಡದವರೆಗೆ ಹೇಗೆ ಹೋದೆವು, ಗಾಡಿಯನ್ನು ಎಲ್ಲಿ ಬಿಟ್ಟೆವು, ಯಾರ ಅಂಗಳದಲ್ಲಿ ಬಿಟ್ಟೆವು ಎಂಬುದು ಮಾತ್ರ ಬರುವುದಿಲ್ಲ. ನಮ್ಮ ಬೆಟ್ಟಗಳು ಇವತ್ತು ಎದುರಿಸುತ್ತಿರುವ ಕಷ್ಟದ ಬಹುಪಾಲು ಇರುವುದು ಆ ಬುಡದಲ್ಲೇ.

ಕೊನೆಯ ಎರಡು ಕಿಲೊಮೀಟರ್

ಮಲೆನಾಡಿನ ಬೆಟ್ಟಗಳಿಗೆ ಹೋಗುವ ರಸ್ತೆಗಳು ಚಾರಣಿಗರಿಗಾಗಿ ಹುಟ್ಟಿದವಲ್ಲ. ಕೆಲವು ದೇವಸ್ಥಾನದ ದಾರಿ, ಕೆಲವು ತೋಟದ ದಾರಿ, ಕೆಲವು ಅರಣ್ಯ ಇಲಾಖೆಯ ಜೀಪಿನ ದಾರಿ. ಎತ್ತಿನ ಗಾಡಿಗೆ ಸಾಕೆನಿಸಿದ ಅಗಲ, ಮುಂದೆ ಜೀಪಿಗೂ ಸಾಕಾಯಿತು. ಎದುರಿಗೊಂದು ಗಾಡಿ ಬಂದರೆ ಯಾರಾದರೊಬ್ಬರು ತಿರುವಿನವರೆಗೆ ಹಿಂದಕ್ಕೆ ಹೋಗುತ್ತಿದ್ದರು. ದಿನಕ್ಕೆ ಹತ್ತು ಗಾಡಿ ಓಡಾಡುವ ದಾರಿಯಲ್ಲಿ ಅದು ಕಷ್ಟವೇ ಆಗಿರಲಿಲ್ಲ.

ರಾಜ್ಯದ ಅತಿ ಎತ್ತರದ ಶಿಖರವನ್ನೇ ನೋಡಿ. ಮುಳ್ಳಯ್ಯನಗಿರಿಯ ಎತ್ತರ 1930 ಮೀಟರ್. ಚಿಕ್ಕಮಗಳೂರು ಪೇಟೆಯಿಂದ ಸುಮಾರು 20 ಕಿ.ಮೀ. ದೂರ. ಕೈಮರ ದಾಟಿದರೆ ಏರು ಶುರು. ದಾರಿಯಲ್ಲೇ ಸರ್ಪದಾರಿಯ ಬುಡ ಸಿಗುತ್ತದೆ. ಹಾವಿನಂತೆ ಹೊರಳುತ್ತ ಹುಲ್ಲುಗಾವಲಿನ ಏಣಿನ ಮೇಲೆ ಸಾಗುವ ಆ ಕಾಲುಹಾದಿ ನಡೆಯುವವರ ದಾರಿ. ಗಾಡಿಯಲ್ಲೇ ಮುಂದೆ ಹೋಗುವವರು ಸೀತಾಳಯ್ಯನಗಿರಿ ತಲುಪುತ್ತಾರೆ. ಅಲ್ಲಿಂದ ಮುಳ್ಳಯ್ಯನಗಿರಿಯ ಮೆಟ್ಟಿಲುಗಳವರೆಗೆ ಉಳಿಯುವುದು ಕೊನೆಯ ಒಂದೆರಡು ಕಿಲೊಮೀಟರ್ ಮಾತ್ರ. ಇಡೀ ಕಥೆ ಇರುವುದು ಆ ಕೊನೆಯ ತುಂಡಿನಲ್ಲಿ. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಪ್ರಪಾತ, ನಡುವೆ ಕಿರಿದಾದ ಡಾಂಬರು. ಭಾನುವಾರ ಹತ್ತು ಗಂಟೆಗೆ ಮೇಲೆ ಹೋಗುವ ಕಾರುಗಳಿಗೂ ಕೆಳಗಿಳಿಯುವ ಕಾರುಗಳಿಗೂ ಅದೇ ದಾರಿ. ಮೇಲೆ ನಿಲ್ಲಿಸುವ ಜಾಗ ತುಂಬಿದ ಮೇಲೆ ಬಂದವರು ರಸ್ತೆಯ ಅಂಚಿನಲ್ಲೇ ನಿಲ್ಲಿಸುತ್ತಾರೆ. ಹಾಗೆ ನಿಂತ ಹತ್ತು ಕಾರು ಸಾಕು, ಮುಂದಿನ ನೂರು ಕಾರಿಗೆ ದಾರಿ ಮುಚ್ಚುತ್ತದೆ.

ಸಿಕ್ಕಿಬಿದ್ದವರು ಇಂಜಿನ್ ಆರಿಸದೆ ಕುಳಿತಿರುತ್ತಾರೆ. ಕ್ಲಚ್ ಸುಟ್ಟ ವಾಸನೆ ಗಾಳಿಯಲ್ಲಿ ತುಂಬುತ್ತದೆ. ನಡೆದು ಬರುವವರು ಬಂಪರುಗಳ ನಡುವೆ ಮೈ ಅಡ್ಡ ಮಾಡಿ ನುಸುಳುತ್ತಾರೆ. ಆ ಹೊತ್ತಿನಲ್ಲಿ ಮೇಲೆ ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸ್ ಎಲ್ಲಿಂದ ಹೋಗಬೇಕು? ಬೆಟ್ಟದ ರಸ್ತೆಯಲ್ಲಿ ಅಡ್ಡದಾರಿ ಇರುವುದಿಲ್ಲ. ಇರುವುದು ಆ ಒಂದೇ ದಾರಿ. ನನಗೆ ಮತ್ತೆ ಮತ್ತೆ ಆ ರೈಟರ್ ಮಾತೇ ನೆನಪಾಗುತ್ತದೆ.

ತಲೆ ಎಣಿಕೆ, ಗಾಲಿ ಎಣಿಕೆ

2024ರ ಜನವರಿ. ಗಣರಾಜ್ಯೋತ್ಸವ ಶುಕ್ರವಾರ ಬಂದು ಮೂರು ದಿನ ಒಟ್ಟಿಗೆ ರಜೆ. ಕುಮಾರ ಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಸಾಲುಗಟ್ಟಿ ನಿಂತ ಜನರ ವಿಡಿಯೊ ಆ ವಾರ ಎಲ್ಲರ ಮೊಬೈಲಿನಲ್ಲೂ ಓಡಾಡಿತು. 1712 ಮೀಟರ್ ಎತ್ತರದ, ಪುಷ್ಪಗಿರಿ ವನ್ಯಧಾಮದೊಳಗಿನ ಆ ಕಡಿದಾದ ಹಾದಿಯಲ್ಲಿ ಹೆಜ್ಜೆ ಇಡಲೂ ತಾವಿರಲಿಲ್ಲ. ಅದಾದ ಬೆನ್ನಲ್ಲೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ಅರಣ್ಯ ಇಲಾಖೆ ತಡೆ ಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು. ಒಂದು ಚಾರಣದ ಹಾದಿಗೆ ದಿನಕ್ಕೆ 300 ಜನರ ಮಿತಿ ಬಂತು.

ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಗಿರಿಶ್ರೇಣಿಯಲ್ಲಿ ಎಣಿಕೆ ಇನ್ನೊಂದು ಬಗೆಯದು. 2025ರ ಸೆಪ್ಟೆಂಬರಿನಿಂದ ಚಿಕ್ಕಮಗಳೂರು ಜಿಲ್ಲಾಡಳಿತ ಅಲ್ಲಿ ಗಾಡಿಗಳನ್ನೇ ಎಣಿಸತೊಡಗಿತು. ಮುಂಗಡ ನೋಂದಣಿ ಮಾಡಿಸಬೇಕು. ಬೆಳಗಿನ ಪಾಳಿಗೆ 600 ವಾಹನ, ಮಧ್ಯಾಹ್ನದ ಪಾಳಿಗೆ 600 ವಾಹನ.

ಈ ಎರಡನ್ನೂ ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಇವೆರಡೂ ಒಟ್ಟಿಗೆ ನಡೆಯಬೇಕು ಎಂಬುದು ನನ್ನ ಅನಿಸಿಕೆ. ತಲೆ ಮಾತ್ರ ಎಣಿಸಿದರೆ ಏನಾಗುತ್ತದೆ? 300 ಜನ ನಾಲ್ಕು ನಾಲ್ಕು ಜನರಾಗಿ ಬಂದರೆ 75 ಕಾರು. ಅದೇ 300 ಜನ ಬಸ್ಸಿನಲ್ಲಿ ಬಂದರೆ ಆರೇಳು ಬಸ್ಸು. ಹಾದಿಯ ಮೇಲೆ ಬೀಳುವ ಹೆಜ್ಜೆ ಎರಡರಲ್ಲೂ ಒಂದೇ. ಬುಡದ ಹಳ್ಳಿಯ ಮೇಲೆ ಬೀಳುವ ಭಾರ ಬೇರೆ ಬೇರೆ. ಗಾಲಿ ಮಾತ್ರ ಎಣಿಸಿದರೂ ಅರ್ಧವೇ ಲೆಕ್ಕ. ಗಾಡಿ ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದು ತೀರ್ಮಾನವಾಗದಿದ್ದರೆ ಬಂದ ಅಷ್ಟೂ ಗಾಡಿ ಕೊನೆಯ ಕಿಲೊಮೀಟರಿಗೇ ನುಗ್ಗುತ್ತವೆ. ಬೆಟ್ಟಕ್ಕೆ ಎಷ್ಟು ಜನ ಎನ್ನುವ ಪ್ರಶ್ನೆಯ ಜೊತೆಗೇ ಗಾಡಿಗೆ ಗಡಿ ಎಲ್ಲಿ ಎನ್ನುವ ಪ್ರಶ್ನೆಯನ್ನೂ ಕೇಳಬೇಕು.

ಶುಕ್ರವಾರದ ರಾತ್ರಿ

ಬೆಂಗಳೂರಿನ ಚಾರಣಿಗರ ವಾರಾಂತ್ಯ ಹೇಗೆ ಸಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಶುಕ್ರವಾರ ಕಚೇರಿ ಮುಗಿಸಿ, ಊಟ ಮಾಡಿ, ರಾತ್ರಿ ಹನ್ನೊಂದಕ್ಕೆ ಹೊರಡುವುದು. ಚಿಕ್ಕಮಗಳೂರಿಗೆ ಸುಮಾರು 245 ಕಿ.ಮೀ., ಕುಮಾರ ಪರ್ವತದ ಬುಡದ ಕುಕ್ಕೆಗೆ ಸುಮಾರು 280. ನಸುಕಿಗೆ ತಲುಪಿ, ಮುಖ ತೊಳೆದು, ಬೆಟ್ಟ ಹತ್ತಿ, ಇಳಿದು, ಅದೇ ಕಾಲುಗಳಿಂದ ಕ್ಲಚ್ ತುಳಿಯುತ್ತ ಮರಳುವುದು.

ಮೊದಲ ಅಪಾಯ ಇಲ್ಲಿದೆ. ಬೆಳಗಿನ ಜಾವ ಎರಡರಿಂದ ಐದರವರೆಗಿನ ಹೊತ್ತು ಮೈ ನಿದ್ದೆಯನ್ನು ಕೇಳುವ ಹೊತ್ತು. ಹೆದ್ದಾರಿಯ ನೇರ ದಾರಿಯಲ್ಲಿ ಕಣ್ಣು ಒಂದು ಗಳಿಗೆ ಮುಚ್ಚಿದರೂ ಗಂಟೆಗೆ 80 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಸಾಗಿರುತ್ತದೆ. ಕಾಫಿ ಕುಡಿದರೆ, ಕಿಟಕಿ ಇಳಿಸಿದರೆ ನಿದ್ದೆ ಸ್ವಲ್ಪ ಮುಂದೆ ಹೋಗುತ್ತದೆಯೇ ಹೊರತು ಹೋಗಿಬಿಡುವುದಿಲ್ಲ. ಇಪ್ಪತ್ತು ಕಿಲೊಮೀಟರ್ ನಡೆದ ಮೇಲೆ ಮರಳುವಾಗಲಂತೂ ಮೈಯಲ್ಲಿ ನೀರಿರುವುದಿಲ್ಲ, ತೊಡೆ ನಡುಗುತ್ತಿರುತ್ತದೆ, ಬ್ರೇಕ್ ತುಳಿಯುವ ಕಾಲು ಅರೆಗಳಿಗೆ ತಡವಾಗಿ ಓಗೊಡುತ್ತದೆ. ಒಂದು ರಾತ್ರಿ ಬೆಟ್ಟದ ಬುಡದ ಊರಿನಲ್ಲಿ ತಂಗಿ ಹೊರಡುವುದು ಖರ್ಚಿನ ಬಾಬತ್ತಲ್ಲ, ಜೀವದ ಬಾಬತ್ತು.

ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗುವವರು ಇನ್ನೊಂದು ಮಾತನ್ನು ಯೋಚಿಸಬೇಕು. ರಾತ್ರಿಯಿಡೀ ಓಡಿಸಿದ ಡ್ರೈವರಣ್ಣ, ನೀವು ಬೆಟ್ಟದ ಮೇಲಿರುವಾಗ ಬಿಸಿಲಿನಲ್ಲಿ ನಿಂತ ಗಾಡಿಯ ಸೀಟಿನ ಮೇಲೆ ಮುದುಡಿ ಮಲಗಿರುತ್ತಾನೆ. ಸಂಜೆ ಹದಿನೈದು ಜನರ ಜೀವ ಮತ್ತೆ ಅವನ ಕೈಯಲ್ಲಿ. ಹೋಮ್‌ಸ್ಟೇಯಲ್ಲೊಂದು ಚಾಪೆ, ದಿಂಬು, ಹೊತ್ತಿಗೆ ಊಟ. ಇಷ್ಟನ್ನು ಮೊದಲೇ ಮಾತಾಡಿ ಗೊತ್ತುಮಾಡುವುದು ತಂಡ ಕಟ್ಟಿಕೊಂಡು ಹೋಗುವವರ ಹೊಣೆ.

ಘಾಟಿಯ ಮರ್ಯಾದೆ

ಮಲೆನಾಡಿನ ಹಳೆಯ ಬಸ್ ಡ್ರೈವರುಗಳ ಹತ್ತಿರ ಒಂದು ಪಾಠ ಇದೆ: ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಇದರ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. ಇಳಿಜಾರಿನಲ್ಲಿ ಬ್ರೇಕನ್ನೇ ತುಳಿಯುತ್ತ ಹೋದರೆ ಗಾಡಿಯ ವೇಗವೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ. ಪ್ಯಾಡುಗಳು ಕಾದು ಹಿಡಿತ ಬಿಡುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡು ಹಳತಾಗಿದ್ದರೆ ಬೇಗ ಕುದಿಯುತ್ತದೆ, ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲು ಹತ್ತಿಯಂತೆ ಮೆತ್ತಗಾಗಿ ನೆಲಕ್ಕೆ ಇಳಿಯುತ್ತದೆ. ರಬ್ಬರು ಸುಟ್ಟಂಥ ವಾಸನೆ ಬಂತೆಂದರೆ ಅದು ಕೊನೆಯ ಎಚ್ಚರಿಕೆ. ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಬೇಕು. ಕಾದ ಬ್ರೇಕಿನ ಮೇಲೆ ನೀರು ಸುರಿಯಬಾರದು. ಎರಡನೆಯ ಗೇರಿನಲ್ಲಿ, ಬೇಕಾದರೆ ಮೊದಲನೆಯದರಲ್ಲಿ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ಆಟೊಮ್ಯಾಟಿಕ್ ಗಾಡಿಯಲ್ಲೂ ಕೆಳಗಿನ ಗೇರಿಗೆ ಕಟ್ಟುವ ಅನುಕೂಲ ಇರುತ್ತದೆ. ಘಾಟಿಗೆ ಬರುವ ಮೊದಲೇ ಅದನ್ನು ಕಲಿತಿರಬೇಕು.

ಪೆಟ್ರೋಲ್ ಉಳಿಸಲೆಂದು ಇಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಜಾರಿಸುವವರಿದ್ದಾರೆ. ಇಂಜಿನ್ ಆರಿದರೆ ಬ್ರೇಕಿಗೂ ಸ್ಟೀರಿಂಗಿಗೂ ಸಿಗುವ ಬಲ ನಿಲ್ಲುತ್ತದೆ. ಎರಡು ಮೂರು ಸಲ ತುಳಿದ ಮೇಲೆ ಪೆಡಲು ಕಲ್ಲಾಗುತ್ತದೆ. ತಿರುವಿನಲ್ಲಿ ಅದು ಗೊತ್ತಾದರೆ ಪ್ರಯೋಜನವಿಲ್ಲ.

ಎದುರುಬದುರಾದಾಗ ಯಾರು ದಾರಿ ಬಿಡಬೇಕು? ಈ ಜಗಳ ಪ್ರತಿ ಭಾನುವಾರ ಪ್ರತಿ ಬೆಟ್ಟದಲ್ಲೂ ನಡೆಯುತ್ತದೆ. ಉತ್ತರ ಕಾನೂನಿನಲ್ಲೇ ಇದೆ. ಬೆಟ್ಟದ ಕಿರಿದಾದ ರಸ್ತೆಯಲ್ಲಿ ಇಳಿಯುವವನು ಬದಿಗೆ ನಿಂತು ಏರುವವನಿಗೆ ದಾರಿ ಬಿಡಬೇಕು ಎಂದು 1989ರ ರಸ್ತೆ ನಿಯಮಗಳಲ್ಲೇ ಬರೆದಿತ್ತು. ಏರಿನಲ್ಲಿ ನಿಂತ ಗಾಡಿಯನ್ನು, ಅದರಲ್ಲೂ ಜನ ತುಂಬಿದ ಗಾಡಿಯನ್ನು, ಮತ್ತೆ ಎಬ್ಬಿಸುವುದು ಕಷ್ಟ. ಹಿಂದಕ್ಕೆ ಜಾರುವ ಭಯ, ಕ್ಲಚ್ ಸುಡುವ ಭಯ. ಇಳಿಯುವವನಿಗೆ ಆ ತೊಂದರೆ ಇಲ್ಲ. ಅದೇ ನಿಯಮಗಳು ತಿರುವಿನ ಹತ್ತಿರ, ದಿಬ್ಬದ ನೆತ್ತಿಯಲ್ಲಿ ಗಾಡಿ ನಿಲ್ಲಿಸಬಾರದೆಂದೂ ಹೇಳಿದ್ದವು. ನಾವು ಫೋಟೊ ತೆಗೆಯಲು ನಿಲ್ಲಿಸುವುದು ಈ ಎರಡು ಕಡೆಯೇ, ಏಕೆಂದರೆ ನೋಟ ಚೆನ್ನಾಗಿರುವುದೂ ಅಲ್ಲೇ.

ಮಂಜು ಬಿದ್ದಾಗ ಹೈಬೀಮ್ ಹಾಕಿದರೆ ಕಣ್ಣೆದುರು ಬಿಳಿ ಗೋಡೆ ಎದ್ದ ಹಾಗಾಗುತ್ತದೆ; ನೀರಿನ ಕಣಗಳು ಬೆಳಕನ್ನು ನಮ್ಮ ಮುಖಕ್ಕೇ ವಾಪಸ್ ಎಸೆಯುತ್ತವೆ. ದೀಪ ತಗ್ಗಿಸಿ, ರಸ್ತೆಯಂಚಿನ ಬಿಳಿಗೆರೆ ಹಿಡಿದು, ತಿರುವಿಗೊಂದು ಹಾರ್ನ್ ಕೊಟ್ಟು ಮೆಲ್ಲಗೆ ಸಾಗಬೇಕು. ಮಳೆಗಾಲದಲ್ಲಿ ಮೇಲಿಂದ ಕೆಂಪು ನೀರು ರಸ್ತೆಗೆ ಇಳಿಯುತ್ತಿದ್ದರೆ, ಸಣ್ಣ ಕಲ್ಲು ಉದುರುತ್ತಿದ್ದರೆ, ಆ ಗುಡ್ಡದ ಕೆಳಗೆ ಗಾಡಿ ನಿಲ್ಲಿಸುವ ಮಾತೇ ಇಲ್ಲ. 2021ರ ಆಗಸ್ಟಿನಲ್ಲಿ ಒಂದೇ ರಾತ್ರಿಯ ಮಳೆಗೆ ನಂದಿಬೆಟ್ಟದ ರಸ್ತೆಯ ಮೇಲೆಯೇ ಗುಡ್ಡ ಕುಸಿದು ದಾರಿ ಕೊಚ್ಚಿಹೋಗಿತ್ತು. ಬಯಲುಸೀಮೆಯ ಅಂಚಿನ ಬೆಟ್ಟದಲ್ಲೇ ಹೀಗಾದರೆ ಘಟ್ಟದ ಮಾತು ಹೇಳಬೇಕಿಲ್ಲ.

ಗಾಡಿ ಬಿಡುವುದೂ ಒಂದು ವಿದ್ಯೆ

ಊರಿನ ಕೊನೆಯಲ್ಲಿ ಅಗಲವಾದ ಖಾಲಿ ಜಾಗ ಕಂಡರೆ ಪೇಟೆಯ ಕಣ್ಣಿಗೆ ಅದು ಪಾರ್ಕಿಂಗ್. ಊರವರಿಗೆ ಅದು ಬಸ್ ತಿರುಗುವ ಜಾಗ. ದಿನಕ್ಕೆ ಎರಡೇ ಸಲ ಬರುವ ಬಸ್ಸಿಗೆ ಹಿಂದೆಮುಂದೆ ಹೋಗಿ ತಿರುಗಲು ಅಷ್ಟು ಜಾಗವೂ ಬೇಕು. ಅಲ್ಲಿ ಎರಡು ಕಾರು ನಿಂತರೆ ಬಸ್ಸು ಹಿಂದಿನ ಊರಿನಿಂದಲೇ ವಾಪಸಾಗುತ್ತದೆ. ಆಸ್ಪತ್ರೆಗೆ ಹೋಗಬೇಕಾದ ಅಜ್ಜಿ, ಕಾಲೇಜಿಗೆ ಹೊರಟ ಹುಡುಗಿ ಅಲ್ಲಿಯವರೆಗೆ ನಡೆಯಬೇಕಾಗುತ್ತದೆ. ಹಾಗೆಯೇ ಉಣುಗೋಲಿನ ಮುಂದೆ, ಮೋರಿಯ ಬಾಯಿಗೆ, ದನ ಇಳಿಯುವ ಕೊರಕಲಿಗೆ, ಹಾಲಿನ ಡೇರಿಯ ಕಟ್ಟೆಗೆ ಅಡ್ಡವಾಗಿ ಗಾಡಿ ಬಿಡಬಾರದು. ಯಾವುದು ದಾರಿ, ಯಾವುದು ಬರೀ ಜಾಗ ಎಂದು ನಮಗೆ ಗೊತ್ತಾಗುವುದಿಲ್ಲ. ಗೊತ್ತುಮಾಡಿಕೊಳ್ಳಲು ಇರುವ ಉಪಾಯ ಒಂದೇ: ಹತ್ತಿರದ ಮನೆಯ ಬಾಗಿಲಿಗೆ ಹೋಗಿ, "ಅಮ್ಮಾ, ಇಲ್ಲಿ ಗಾಡಿ ಬಿಟ್ರೆ ಯಾರಿಗಾದ್ರೂ ತೊಂದ್ರೆ ಆಗುತ್ತಾ?" ಎಂದು ಕೇಳುವುದು. ಕೇಳಿದವರಿಗೆ ಮಲೆನಾಡಿನಲ್ಲಿ ಜಾಗ ಸಿಗದೇ ಹೋಗಿದ್ದನ್ನು ನಾನು ಕಂಡಿಲ್ಲ.

ನಿಲ್ಲಿಸುವಾಗ ಗಾಡಿಯ ಮೂತಿ ಹೊರದಾರಿಯ ಕಡೆ ಇರಲಿ. ಕತ್ತಲಾದ ಮೇಲೆ, ಸುಸ್ತಾದ ಮೇಲೆ, ಯಾರಿಗಾದರೂ ಕಾಲು ಉಳುಕಿದ ಮೇಲೆ, ಪ್ರಪಾತದ ಪಕ್ಕ ರಿವರ್ಸ್ ತೆಗೆಯುವ ಕಷ್ಟ ತಪ್ಪುತ್ತದೆ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕನ್ನಷ್ಟೇ ನಂಬಬೇಡಿ. ಮೂತಿ ಮೇಲಕ್ಕಿದ್ದರೆ ಮೊದಲ ಗೇರು, ಕೆಳಕ್ಕಿದ್ದರೆ ರಿವರ್ಸ್ ಗೇರು ಹಾಕಿ, ಜಾರಿದರೂ ಗುಡ್ಡದ ಕಡೆಗೇ ಹೊರಳುವಂತೆ ಚಕ್ರ ತಿರುಗಿಸಿ, ಗಾಲಿಗೊಂದು ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯ ಮೇಲೆ ಬಿಟ್ಟು ಹೋಗುವವರು ಬಹಳ. ರಾತ್ರಿ ಬೈಕಿನಲ್ಲಿ ಬರುವವನಿಗೆ ಅದು ಕಾಣುವುದಿಲ್ಲ; ಎತ್ತಿ ಬದಿಗಿಡಿ.

ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಲೇಬಾರದು. ಹೊಗೆಕೊಳವೆಯ ಸಾಲಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ, ಮತ್ತು ಅದು ಇರುವುದು ಗಾಡಿಯ ಹೊಟ್ಟೆಯ ಕೆಳಗೆ, ಹುಲ್ಲಿಗೆ ತೀರಾ ಹತ್ತಿರ. ಫೆಬ್ರುವರಿ, ಮಾರ್ಚಿನ ಗಾಳಿಗೆ ಹುಲ್ಲುಗಾವಲಿಗೆ ಬಿದ್ದ ಕಿಡಿ ಶೋಲಾ ಕಾಡಿನ ಅಂಚಿಗೆ ತಲುಪಲು ಹೆಚ್ಚು ಹೊತ್ತು ಬೇಡ. ಮಣ್ಣು ಅಥವಾ ಕಲ್ಲಿನ ನೆಲ ಹುಡುಕಬೇಕು.

ಗಾಡಿಯೊಳಗೆ ಕಾಣುವಂತೆ ಬ್ಯಾಗು, ಲ್ಯಾಪ್‌ಟಾಪ್ ಬಿಡಬೇಡಿ. ತಿಂಡಿಯನ್ನೂ ಬಿಡಬೇಡಿ, ಕಿಟಕಿ ಎರಡು ಬೆರಳು ತೆರೆದಿದ್ದರೂ ಕೋತಿಗಳಿಗೆ ಸಾಕು. ಡ್ಯಾಶ್‌ಬೋರ್ಡ್ ಮೇಲೆ ಒಂದು ಚೀಟಿ ಇಡಿ: ಫೋನ್ ನಂಬರು, ಯಾವ ಬೆಟ್ಟಕ್ಕೆ ಹೋಗಿದ್ದೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ. ಬೆಟ್ಟದ ಮೇಲೆ ಸಿಗ್ನಲ್ ಇರುವುದಿಲ್ಲ, ನಿಜ. ಆದರೆ ಕತ್ತಲಾದರೂ ನೀವು ಇಳಿಯದಿದ್ದರೆ ಹುಡುಕಲು ಹೊರಡುವವರಿಗೆ ಆ ಚೀಟಿಯೇ ಮೊದಲ ಸುಳಿವು. ಮೂಡಿಗೆರೆ, ಸಕಲೇಶಪುರದ ಸುತ್ತ ಆನೆ ಓಡಾಡುವ ಜಾಗಗಳಲ್ಲಿ ಸಂಜೆಯಾದ ಮೇಲೆ ಗಾಡಿಯ ಹತ್ತಿರ ಹರಟುತ್ತ ನಿಲ್ಲುವುದೂ ಸರಿಯಲ್ಲ. ಆನೆ ಬಂದಿದೆಯೇ ಎಂದು ಊರವರನ್ನು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಬೇಕು.

ಕೆಳಗೇ ಬಿಟ್ಟು ಬರುವ ದಾರಿಗಳು

ಗಾಡಿಯನ್ನು ಬುಡದಲ್ಲೇ ಬಿಡಿಸುವುದು ಸಾಧ್ಯವೇ ಎಂದು ಕೇಳುವವರಿಗೆ ನಮ್ಮಲ್ಲೇ ಉದಾಹರಣೆಯಿದೆ. ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. 1454 ಮೀಟರ್ ಎತ್ತರದ ಆ ಬೆಟ್ಟಕ್ಕೆ ಖಾಸಗಿ ವಾಹನ ಹೋಗುವಂತಿಲ್ಲ. ಕಾರನ್ನು ಕೆಳಗಿನ ಚೆಕ್‌ಪೋಸ್ಟ್ ಹತ್ತಿರ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ ಹತ್ತಬೇಕು. ಹುಲಿ, ಆನೆಯ ಕಾಡಿನ ನಡುವೆ ನೂರಾರು ಕಾರು ಹಾದುಹೋಗುವ ಬದಲು ಕೆಲವು ಬಸ್ಸು ಹಾದುಹೋಗುತ್ತವೆ. ದೇವರ ದರ್ಶನ ಯಾರಿಗೂ ತಪ್ಪಿಲ್ಲ.

ಹೊರದೇಶಗಳಲ್ಲೂ ಹೆಸರಾದ ಬೆಟ್ಟಕಣಿವೆಗಳು ಇದೇ ದಾರಿಗೆ ಬಂದಿವೆ. ಅಮೆರಿಕದ ಯೂಟಾದ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ 2000ದಿಂದ ಷಟಲ್ ಬಸ್ಸುಗಳು ಓಡುತ್ತಿವೆ. ಕೆನಡಾದ ರಾಕಿ ಪರ್ವತಗಳ ನಡುವಿನ ಮೊರೇನ್ ಸರೋವರದ ರಸ್ತೆಗೆ 2023ರಿಂದ ಸ್ವಂತ ಕಾರುಗಳ ಪ್ರವೇಶ ನಿಂತಿದೆ. ಪಾರ್ಕಿಂಗ್ ಜಾಗ ಹಿಗ್ಗಿಸುತ್ತ ಹೋದರೆ ಕೊನೆಗೆ ಉಳಿಯುವುದು ಪಾರ್ಕಿಂಗ್ ಮಾತ್ರ ಎಂಬುದು ಅಲ್ಲಿಯವರಿಗೆ ಅನುಭವದಿಂದ ತಿಳಿಯಿತು.

ಕುದುರೆಮುಖದ ಬುಡದ ಮುಳ್ಳೋಡಿಯಲ್ಲಿ ಇನ್ನೊಂದು ಬಗೆ. 1894 ಮೀಟರ್ ಎತ್ತರದ ಶಿಖರಕ್ಕೆ ಹೊರಡುವವರು ತಮ್ಮ ಗಾಡಿಯನ್ನು ಕೆಳಗೆ ಬಿಟ್ಟು ಊರಿನ ಜೀಪು ಹತ್ತುತ್ತಾರೆ. ಕಲ್ಲು ಎದ್ದ ಆ ಮಣ್ಣುದಾರಿಯಲ್ಲಿ ಯಾವ ಗಾಲಿ ಎಲ್ಲಿ ಇಳಿಯಬೇಕೆಂದು ಆ ಜೀಪಿನ ಹುಡುಗರಿಗೆ ಅಂಗೈಗೆರೆಯಂತೆ ಗೊತ್ತು. ದುಡ್ಡು ಊರಿನಲ್ಲೇ ಉಳಿಯುತ್ತದೆ. ಕೊಲ್ಲೂರಿನಿಂದ ಕೊಡಚಾದ್ರಿಗೂ ಜೀಪುಗಳೇ ಆಸರೆ. ಆದರೆ ಜೀಪಿಗೂ ಮಿತಿ ಬೇಕು. ಮಳೆಗಾಲದಲ್ಲಿ ಗಾಲಿಗಳು ಕೊರೆದ ಕಾಲುವೆಯಲ್ಲಿ ಬೆಟ್ಟದ ಮಣ್ಣೇ ಹರಿದು ಹೋಗುತ್ತದೆ.

ಕುಮಾರ ಪರ್ವತಕ್ಕಂತೂ ಕಾರಿನ ಹಂಗೇ ಬೇಡ. ಬೆಂಗಳೂರಿನಿಂದ ಕುಕ್ಕೆಗೆ ರಾತ್ರಿ ಬಸ್ಸುಗಳಿವೆ. ರೈಲಿನಲ್ಲಿ ಬಂದರೆ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯಬಹುದು. ಕುಕ್ಕೆ ಪೇಟೆಯಿಂದ ಕಾಡಿನ ಹಾದಿಯ ಬುಡಕ್ಕೆ ನಡೆದೇ ಹೋಗಬಹುದು. ಅಲ್ಲಿಂದ ಗಿರಿಗದ್ದೆಯ ಭಟ್ಟರ ಮನೆಯತ್ತ ಏರು. ಕೊಡಗಿನ ತಡಿಯಂಡಮೋಳಿಗೆ ಹೋಗುವವರು ನಾಲ್ಕುನಾಡು ಅರಮನೆಯ ಆಸುಪಾಸಿನಲ್ಲೇ ಗಾಡಿ ಬಿಟ್ಟು ನಡೆದರೆ, ದೊಡ್ಡವೀರರಾಜೇಂದ್ರನ ಕಾಲದ ಆ ಕಟ್ಟಡವನ್ನೂ ಕಾಣಬಹುದು, ಮೇಲಿನ ಕಿರಿದಾದ ರಸ್ತೆಯೂ ಉಸಿರಾಡುತ್ತದೆ. ನಂದಿಬೆಟ್ಟಕ್ಕೂ ಸುಲ್ತಾನಪೇಟೆ ಕಡೆಯಿಂದ ಹಳೆಯ ಮೆಟ್ಟಿಲುದಾರಿಯಿದೆ. ಮೇಲೆ ಪಾರ್ಕಿಂಗ್ ತುಂಬಿದ ದಿನವೂ ಅದು ತುಂಬಿರುವುದಿಲ್ಲ.

ಊರವರು ತಮ್ಮ ಅಂಗಳ, ಕೊಯ್ಲಾದ ಗದ್ದೆ, ಒಣಗಿದ ಕಣ ಬಿಟ್ಟುಕೊಟ್ಟು ಐವತ್ತೋ ನೂರೋ ಕೇಳಿದರೆ ಚೌಕಾಸಿ ಮಾಡಬೇಡಿ. ಗ್ರಾಮ ಪಂಚಾಯಿತಿಯೇ ಮುಂದೆ ನಿಂತು ಬೆಟ್ಟದ ಬುಡದಿಂದ ಮೂರು ಕಿಲೊಮೀಟರ್ ಕೆಳಗೆ ಜಾಗ ಗೊತ್ತುಮಾಡಿ, ರಶೀದಿ ಕೊಟ್ಟು, ಆ ಹಣದಲ್ಲಿ ಶೌಚಾಲಯ ಕಟ್ಟಿ, ಕಸ ಎತ್ತಿಸಿ, ಊರಿನ ಹುಡುಗರಿಗೆ ಕೆಲಸ ಕೊಟ್ಟರೆ ಬೆಟ್ಟವೂ ಉಳಿಯುತ್ತದೆ, ಊರಿಗೂ ಬೆಟ್ಟ ಹೊರೆಯಾಗುವುದಿಲ್ಲ. ಇವತ್ತು ಚಾರಣದ ಶುಲ್ಕ ಒಂದು ಕಡೆ ಹೋಗುತ್ತದೆ, ಗಾಡಿಗಳ ದೂಳು ಮಾತ್ರ ಹಳ್ಳಿಯ ಮೇಲೆ ಬೀಳುತ್ತದೆ.

ಬುಡದಿಂದ ಶಿಖರಕ್ಕೆ

ಬುಡದಿಂದಲೇ ನಡೆದು ಹತ್ತುವುದು ಹೊಸ ಮಾತೇನಲ್ಲ. ಚಂದ್ರದ್ರೋಣದ ಪಕ್ಕದ ದೇವಿರಮ್ಮನ ಬೆಟ್ಟವನ್ನು ದೀಪಾವಳಿಯಲ್ಲಿ ಸಾವಿರಾರು ಜನ ಹತ್ತುತ್ತಾರೆ. ಹಲವರು ಬರಿಗಾಲಿನಲ್ಲಿ, ದೀಪಕ್ಕೆ ಬೇಕಾದ ಕಟ್ಟಿಗೆ, ತುಪ್ಪ, ಬಟ್ಟೆ ಹೊತ್ತು ರಾತ್ರಿಯೇ ನಡೆಯುತ್ತಾರೆ. ತುದಿಯವರೆಗೆ ರಸ್ತೆ ಬೇಕೆಂದು ಆ ಹರಕೆಯವರು ಕೇಳುವುದಿಲ್ಲ. ಬೆಟ್ಟಕ್ಕೆ ಹೋಗುವುದೆಂದರೆ ಬುಡದಿಂದ ಹೋಗುವುದು ಎಂಬುದು ಅವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಚಾರಣಕ್ಕೆಂದೇ ನೂರಾರು ಕಿಲೊಮೀಟರ್ ಬರುವ ನಾವು ಕೊನೆಯ ಎರಡು ಕಿಲೊಮೀಟರ್ ನಡೆಯಲು ಹಿಂಜರಿಯುವುದು ನನಗೆ ಈಗ ಅರ್ಥವೇ ಆಗುವುದಿಲ್ಲ.

ಮರುವರ್ಷ ನವೆಂಬರ್ ಕೊನೆಗೆ ಅದೇ ಊರಿಗೆ ಮತ್ತೆ ಹೋದೆವು. ಈ ಸಲ ಹಿಂದಿನ ಸಂಜೆಯೇ ಬಂದು ತಂಗಿದ್ದೆವು. ಮೂರು ಕಿಲೊಮೀಟರ್ ಕೆಳಗಿದ್ದ ಮನೆಯ ಅಂಗಳದಲ್ಲಿ ಕೇಳಿ ಕಾರು ಬಿಟ್ಟು, ನಸುಕಿನಲ್ಲೇ ನಡೆಯತೊಡಗಿದೆವು. ಹಿಂದಿನ ವರ್ಷ ಐದು ನಿಮಿಷದಲ್ಲಿ ದಾಟಿದ್ದ ದಾರಿಗೆ ಈಗ ಮುಕ್ಕಾಲು ಗಂಟೆ ಬೇಕಾಯಿತು. ಹಳ್ಳದ ಕಡೆಯಿಂದ ಸಿಳ್ಳಾರ ಹಕ್ಕಿಯೊಂದು ಮನುಷ್ಯರ ಹಾಗೆಯೇ ಸಿಳ್ಳೆ ಹಾಕುತ್ತಿತ್ತು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯ ಮೇಲೆ ಇಬ್ಬನಿ ಕೂತಿತ್ತು. ಅಲ್ಲೊಂದು ಶಾಲೆಯಿದೆ, ಶಾಲೆಯ ಹಿಂದೊಂದು ಕೆರೆಯಿದೆ ಎಂದು ಕಾರಿನಿಂದ ಗೊತ್ತಾಗಿರಲಿಲ್ಲ.

ಬಿಸಿಲು ಮರದ ತುದಿಗೆ ಬರುವಷ್ಟರಲ್ಲಿ ಹಿಂದಿನಿಂದ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ತಲೆಗೆ ಬಟ್ಟೆ ಕಟ್ಟಿಕೊಂಡು, ಬುತ್ತಿ ಹಿಡಿದು ಕೊಯ್ಲಿಗೆ ಹೊರಟ ಹೆಂಗಸರು ಅದರಲ್ಲಿ ಕುಳಿತಿದ್ದರು. ನಾವು ನಾಲ್ವರೂ ದಾರಿಯಿಂದಿಳಿದು ಚರಂಡಿಯ ಅಂಚಿನಲ್ಲಿ ಸಾಲಾಗಿ ನಿಂತೆವು. ಟ್ರ್ಯಾಕ್ಟರ್ ವೇಗ ತಗ್ಗಿಸದೆ ಹಾದುಹೋಗಿ, ಮುಂದೆ ಉಣುಗೋಲು ತೆಗೆದು ತೋಟದೊಳಕ್ಕೆ ತಿರುಗಿತು. ಅದರ ಸದ್ದು ಗಿಡಗಳ ನಡುವೆ ಅಡಗುವವರೆಗೆ ನಿಂತಿದ್ದು, ಆಮೇಲೆ ಬೆಟ್ಟದ ಕಡೆಗೆ ಹೆಜ್ಜೆ ಹಾಕಿದೆವು.